ಒಂದೆಳೆ ಮುರಿದು ನೋಡಿ ಶಾವಿಗೆ ಕೊಳ್ಳಿ

ಹಿಂಗಾರಿ ಗೋಧಿಯ ರಾಶಿ ಮುಗಿದು ಚೈತ್ರದ ಬಿಸಿಲು ಏರಿತೆಂದರೆ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಶಾವಿಗೆಯ ಕಾಲ. ಮಾಳಿಗೆಯ ಮೇಲೆ ಕೋಲು ಕಟ್ಟಿ ಎಳೆಗಳನ್ನು ಇಳಿಬಿಡುತ್ತಾರೆ. ಮದುವೆ ಇರುವ ಮನೆಯಲ್ಲಿ ಗವಲಿ, ಪರಡಿ, ಸೌತೆಬೀಜ ಎಂಬ ಪುಟ್ಟ ಆಕಾರಗಳನ್ನು ಬೆರಳಲ್ಲೇ ಹೊಸೆಯುತ್ತಾರೆ. ವರ್ಷಕ್ಕಾಗುವಷ್ಟು ಮಾಡಿ ಡಬ್ಬಿ ತುಂಬಿಡುವ ಮನೆಗಳು ಈಗ ಕಡಿಮೆಯಾಗಿವೆ, ಕೊಂಡು ತರುವವರು ಹೆಚ್ಚಾಗಿದ್ದಾರೆ. ಆದರೆ ಕೊಳ್ಳುವಾಗ ಏನು ನೋಡಬೇಕೆಂಬ ತಿಳಿವಳಿಕೆ ಅಜ್ಜಿಯರ ಜೊತೆಗೇ ಹೋಗುತ್ತಿದೆ.

ಶಾವಿಗೆಯ ಹಣೆಬರಹ ಗೋಧಿಯಲ್ಲೇ ಇದೆ. ಮೆತ್ತನೆಯ ಚಪಾತಿ ಗೋಧಿ ಇದಕ್ಕೆ ಒಗ್ಗದು. ಬೀಸಿದರೆ ಹಿಟ್ಟಾಗದೆ ರವೆಯಾಗಿ ಒಡೆಯುವ ಗಟ್ಟಿ ಕಾಳು ಬೇಕು: ಡ್ಯೂರಂ, ಇಲ್ಲವೇ ಈ ಕಡೆ ಸದಕ, ಜವೆ ಎಂದು ಕರೆಯುವ ಗೋಧಿ. ಸದಕದ ಕಾಳನ್ನು ಒಕ್ಕಿದರೂ ಹೊಟ್ಟು ಬಿಡುವುದಿಲ್ಲ, ಕುಟ್ಟಿಯೇ ತೆಗೆಯಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ಸದಕದ ತಳಿಗಳನ್ನು ರೈತರಿಗೆ ಕೊಟ್ಟಿದೆ. ಒಣ ಪಾಸ್ತಾ ಡ್ಯೂರಂ ರವೆಯಿಂದಲೇ ಆಗಬೇಕೆಂದು ಇಟಲಿ 1967ರಲ್ಲಿ ಕಾನೂನು ಮಾಡಿತು. ನಮ್ಮ ಹೆಣ್ಣುಮಕ್ಕಳು ಯಾವ ಕಾನೂನೂ ಇಲ್ಲದೆ ಗಟ್ಟಿ ಗೋಧಿಯನ್ನೇ ಆರಿಸಿಕೊಂಡು ಬಂದವರು.

ಕೊಳ್ಳುವ ಮುಂಚೆ ಒಂದೆಳೆಯನ್ನು ಬೆಳಕಿಗೆ ಹಿಡಿಯಿರಿ. ತೆಳು ಜೇನಿನ ಬಣ್ಣವಿರಬೇಕು. ಸದಕದ್ದಾದರೆ ತುಸು ಕೆಂಪು. ಮುರಿದರೆ ಚಟ್ಟನೆ ಸದ್ದಾಗಬೇಕು, ಮುರಿದ ಜಾಗ ಗಾಜಿನ ಹಾಗೆ ಕಾಣಬೇಕು. ಸುಣ್ಣದಂತೆ ಬೆಳ್ಳಗಿದ್ದು ಪುಡಿ ಉದುರಿದರೆ ಅದು ಮೈದಾ ಇರಬಹುದು. ಮೈಮೇಲೆ ಬಿಳಿ ಚುಕ್ಕೆಗಳಿದ್ದರೆ ರವೆ ಸರಿಯಾಗಿ ನೆನೆದಿಲ್ಲ. ಕೂದಲೆಳೆಯಷ್ಟು ಬಿರುಕುಗಳಿದ್ದರೆ ಅವಸರದಲ್ಲಿ ಒಣಗಿಸಿದ್ದಾರೆ: ಹೊರಮೈ ಮೊದಲೇ ಆರಿ, ಒಳಗೆ ಹಸಿ ಉಳಿದು ಎಳೆ ಬಿರಿದಿರುತ್ತದೆ. ಅಂಥದ್ದು ಕುದಿನೀರಿಗೆ ಬಿದ್ದೊಡನೆ ತುಂಡಾಗುತ್ತದೆ. ಮೂಸಿಯೂ ನೋಡಿ, ಹುಳಿ ವಾಸನೆ ಬಂದರೆ ಕೆಳಗಿಡಿ. ಹಿತ್ತಾಳೆ ಬಿಲ್ಲೆಯಿಂದ ಒತ್ತಿದ ಶಾವಿಗೆ ಕೈಗೆ ತುಸು ತರಿತರಿ ಹತ್ತುತ್ತದೆ. ಅದು ದೋಷವಲ್ಲ; ತುಪ್ಪ, ಬೆಲ್ಲದ ಪುಡಿ ಎಳೆಗೆ ಹಿಡಿದು ನಿಲ್ಲುವುದು ಅದರಿಂದಲೇ.

ಬೀಗರು ಬರುವ ದಿನ ಅಂಗಡಿಯೊಂದರಿಂದ ಹೊಳೆಯುವ ಹಳದಿ ಶಾವಿಗೆ ತಂದಿದ್ದೆ. ಬಸಿಯುವಷ್ಟರಲ್ಲಿ ಗಂಜಿಯಾಯಿತು, ಬಸಿದ ನೀರೆಲ್ಲ ಹಳದಿ. ಪೊಟ್ಟಣ ತಿರುಗಿಸಿದರೆ ಪಟ್ಟಿಯಲ್ಲಿ ಮೊದಲ ಹೆಸರೇ ಮೈದಾ. ಹೆಚ್ಚು ತೂಕದ್ದನ್ನು ಮೊದಲು ಬರೆಯುವುದು ನಿಯಮ. ಓದದೆ ತಂದದ್ದು ನನ್ನ ತಪ್ಪು. ಒಳ್ಳೆಯ ಶಾವಿಗೆ ಬೆಂದ ಮೇಲೂ ಎಳೆ ಎಳೆಯಾಗಿರುತ್ತದೆ, ಬಸಿದ ನೀರು ಗಂಜಿಯಾಗುವುದಿಲ್ಲ.

ಬೇಸಿಗೆಯಲ್ಲಿ ಈ ಕಡೆ ಬಂದರೆ ಮಾಡುವವರ ಮನೆಗೇ ಹೋಗಿ, ಯಾವ ಗೋಧಿಯೆಂದು ಕೇಳಿ. ಸದಕದ ಇಳುವರಿ ಕಡಿಮೆ, ಕುಟ್ಟುವ ದುಡಿಮೆ ಹೆಚ್ಚು. ಅದರ ಶಾವಿಗೆ ಸಿಕ್ಕರೆ ದಯವಿಟ್ಟು ಚೌಕಾಸಿ ಮಾಡಬೇಡಿ.