ಸೆರೆಯಾಳಿನ ಕ್ಷಮೆ

ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲರ ಕ್ಷಮಾಗುಣವನ್ನು ಲೋಕವು ಕೊಂಡಾಡುತ್ತದೆ. ಅದಕ್ಕೆ ಮುನ್ನ ಅವರು ನಿರಾಕರಿಸಿದುದನ್ನು ಅಷ್ಟಾಗಿ ನೆನೆಯದು. 1961ರಲ್ಲಿ ಸಶಸ್ತ್ರ ದಳವನ್ನು ಕಟ್ಟಲು ಮುಂದಾದ ಅವರು 1962ರಲ್ಲಿ ಸೆರೆಸಿಕ್ಕಿ, 1964ರಲ್ಲಿ ಯಾವಜ್ಜೀವ ಕಾರಾವಾಸಕ್ಕೆ ಗುರಿಯಾಗಿ, ರಾಬೆನ್ ದ್ವೀಪದ ಸುಣ್ಣಕಲ್ಲಿನ ಗಣಿಯಲ್ಲಿ ದುಡಿದರು. ಹಿಂಸಾಮಾರ್ಗವನ್ನು ತ್ಯಜಿಸುವುದಾದರೆ ಬಿಡುಗಡೆಯೆಂದು 1985ರಲ್ಲಿ ಬಿಳಿಯರ ಸರಕಾರವು ಷರತ್ತನ್ನೊಡ್ಡಿತು. ಸೆರೆಯಾಳು ಕರಾರು ಮಾಡಿಕೊಳ್ಳಲಾರನೆಂದು ಅವರು ಅದನ್ನು ತಳ್ಳಿಹಾಕಿದರು. ಯಾವ ಷರತ್ತೂ ಇಲ್ಲದೆ 1990ರ ಫೆಬ್ರವರಿಯಲ್ಲಿ ಅವರು ಹೊರಬಂದರು. ಆ ಆಗಸ್ಟಿನಲ್ಲಿಯೇ ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸು ಸಶಸ್ತ್ರ ಹೋರಾಟವನ್ನು ನಿಲ್ಲಿಸಿತು. ಬೆದರಿ ಬಿಟ್ಟ ಆಯುಧವಲ್ಲ ಅದು! 1994ರಲ್ಲಿ ರಾಷ್ಟ್ರಾಧ್ಯಕ್ಷರಾದ ಮಂಡೇಲರು ಮರುವರ್ಷ, ತಮ್ಮನ್ನು ಸೆರೆಗಟ್ಟಿಸಿದ ಮೊಕದ್ದಮೆಯಲ್ಲಿ ಸರಕಾರದ ಪರ ವಾದಿಸಿದ್ದ ಪರ್ಸಿ ಯೂಟರ್ ಅವರನ್ನೇ ಭೋಜನಕ್ಕೆ ಕರೆದರು. ಆದರೆ ಅವರ ಆಡಳಿತಕಾಲದ ಸತ್ಯ ಮತ್ತು ಸಾಮರಸ್ಯ ಆಯೋಗದಿಂದ ಕ್ಷಮಾದಾನ ಬೇಡುವವನು ತಾನೆಸಗಿದುದನ್ನು ಪೂರ್ಣವಾಗಿ ಬಾಯಿಬಿಟ್ಟು ಹೇಳಬೇಕೆಂಬುದು ಶಾಸನವಾಗಿತ್ತು.