ಹಾರ್ಮೋನ್ ಆಗದವರಿಗೆ ವಂಕಿ

ಬಿ.ಪಿ. ತುಂಬಾ ಇರುವವರಿಗೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಣ್ಣ ಮುಂದೆ ಮಿಂಚಾಡಿ ಅರೆತಲೆನೋವು ಬರುವವರಿಗೆ ಬಸುರು ತಡೆಯುವ ಹಾರ್ಮೋನ್ ಮಾತ್ರೆ ಮಾಲಾ-ಎನ್ ಆಗಿಬರುವುದಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಹಾರ್ಮೋನಿನ ಅಂತರಾ ಚುಚ್ಚುಮದ್ದೂ ಬೇಡ. ಹಾಗೆಂದು ಆಪರೇಷನ್ ಒಂದೇ ದಾರಿಯಲ್ಲ. ಕೊಂಡ್ಲಹಳ್ಳಿಯ ಹೆಣ್ಣುಮಗಳು ಆಶಾ ಕಾರ್ಯಕರ್ತೆಯ ಹತ್ತಿರ ಮೊದಲು ವಿಚಾರಿಸಬೇಕಾದದ್ದು ವಂಕಿಯನ್ನು, ಅಂದರೆ ಕಾಪರ್-ಟಿಯನ್ನು. ಇದರಲ್ಲಿ ಸಂಕೋಚವೇನೂ ಬೇಡ. ಕೊಂಡ್ಲಹಳ್ಳಿಯಿರುವ ಮೊಳಕಾಲ್ಮೂರು ಸೀಮೆ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಜನನ ನಿಯಂತ್ರಣಕ್ಕೆ ಸರ್ಕಾರಿ ಚಿಕಿತ್ಸಾಲಯ ತೆರೆದಿತ್ತು.

ವಂಕಿಯಲ್ಲಿ ಹಾರ್ಮೋನ್ ಇಲ್ಲವೇ ಇಲ್ಲ. ಪುಟ್ಟ ಪ್ಲಾಸ್ಟಿಕ್ ಕಡ್ಡಿಗೆ ಸುತ್ತಿದ ತಾಮ್ರ ಗರ್ಭಕೋಶದೊಳಗೆ ವೀರ್ಯಾಣುಗಳನ್ನು ನಿಶ್ಶಕ್ತಗೊಳಿಸುತ್ತದೆ. 380ಎ ಎಂಬ ಬಗೆ ಹಾಕಿಸಿದರೆ 10 ವರ್ಷ ಬಾಳುತ್ತದೆ, 375 ಆದರೆ 5 ವರ್ಷ. ನೂರು ಮಂದಿ ಹಾಕಿಸಿಕೊಂಡರೆ ಮೊದಲ ವರ್ಷ ಬಸುರಾಗುವವರು ಒಬ್ಬರಿಗಿಂತ ಕಡಿಮೆ. ಆಗೀಗ ಮರೆಯುತ್ತ ಮಾತ್ರೆ ನುಂಗುವವರಲ್ಲಿ ಸುಮಾರು 7 ಮಂದಿ. ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಬಹುದು, ಎದೆಹಾಲಿಗೆ ತೊಂದರೆಯಿಲ್ಲ. ಬೇಡವೆನಿಸಿದ ದಿನ ತೆಗೆಸಿದರೆ ಮತ್ತೆ ಮಕ್ಕಳಾಗುತ್ತವೆ.

ಶೇಂಗಾ ಕಿತ್ತರೆ, ಕೊಡ ಹೊತ್ತರೆ ಅದು ಜಾರುವುದಿಲ್ಲ, ಎದೆಗೂ ಏರುವುದಿಲ್ಲ. ಆದರೆ ಕೆಲವರಲ್ಲಿ ಗರ್ಭಕೋಶವೇ ಅದನ್ನು ಹೊರದೂಡುವುದುಂಟು. ಅದಕ್ಕೇ ಮುಟ್ಟು ನಿಂತ ಮೇಲೆ ದಾರ ಕೈಗೆ ಸಿಗುತ್ತದೆಯೇ ನೋಡಿಕೊಳ್ಳಿ. ಮೊದಲ ಮೂರು–ಆರು ತಿಂಗಳು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಬಹುದು, ಹೊಟ್ಟೆ ಹಿಂಡಬಹುದು. ಇದನ್ನು ಮುಂಚೆಯೇ ಹೇಳದೆ ಹಾಕುವುದು ತಪ್ಪು. ಮೊದಲೇ ರಕ್ತ ಕಡಿಮೆಯಿದ್ದು ಮುಟ್ಟು ಜೋರಾಗಿದ್ದರೆ, ಗರ್ಭಕೋಶದಲ್ಲಿ ಸೋಂಕಿದ್ದರೆ, ಕಾರಣ ತಿಳಿಯದೆ ರಕ್ತ ಹೋಗುತ್ತಿದ್ದರೆ ಡಾಕ್ಟರು ನೋಡಿಯೇ ತೀರ್ಮಾನಿಸಬೇಕು. ವಂಕಿ ಇದ್ದೂ ಮುಟ್ಟು ತಪ್ಪಿದರೆ, ಜ್ವರದೊಂದಿಗೆ ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಸುರು ತಡೆಯುವ ಛಾಯಾ ಮಾತ್ರೆಯೂ ಹಾರ್ಮೋನ್ ಅಲ್ಲ, ನಿಜ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಆದರೆ ಅದು ದೇಹದ ಹಾರ್ಮೋನ್ ಕೆಲಸಕ್ಕೇ ಕೈಹಾಕುತ್ತದೆ; ಕಾಮಾಲೆ ಆದವರು, ಅಂಡಾಶಯದಲ್ಲಿ ನೀರ್ಗುಳ್ಳೆ ಇರುವವರು ಕೇಳದೆ ನುಂಗಬಾರದು. ನಿರೋಧ್ ಲೈಂಗಿಕ ರೋಗಗಳನ್ನೂ ತಡೆಯುತ್ತದೆ, ಆದರೆ ಅದೊಂದನ್ನೇ ನಂಬಿದ ನೂರು ಜೋಡಿಗಳಲ್ಲಿ ವರ್ಷಕ್ಕೆ ಸುಮಾರು 13 ಕಡೆ ಬಸುರು ನಿಲ್ಲುತ್ತದೆ.

ಮಕ್ಕಳು ಸಾಕು ಎಂದಾದರೆ ಗಂಡನ ಆಪರೇಷನ್ ಹೆಂಡತಿಯದಕ್ಕಿಂತ ಸುಲಭ: ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಗಂಡಸುತನ ಕುಂದುವುದಿಲ್ಲ. ಮೂರು ತಿಂಗಳ ಬಳಿಕ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಾತ್ರಿಯಾಗುವವರೆಗೆ ನಿರೋಧ್ ಬಿಡಬಾರದು.