ಹಿತ್ತಲಲ್ಲಿ ಹೊಗೆಸೊಪ್ಪು: ಬೆಳೆಯೋದು ಸಲೀಸು, ಕಾಪಾಡೋದು ಕಷ್ಟ

ನಮ್ಮೂರು ಗುತ್ತೂರಿನ ಕಟ್ಟೆ ಮೇಲೆ ಕೂತು ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಹಿರಿಯರು ಕೇಳ್ತಾರೆ, "ಇದನ್ನ ಹಿತ್ತಲಲ್ಲೇ ಬೆಳ್ಕೊಂಡ್ರೆ ಆಗಲ್ವಾ?"

ಮೊದಲು ಕಾನೂನು. ಸಿಗರೇಟಿಗೆ ಹೋಗೋ ವರ್ಜೀನಿಯಾ ತಂಬಾಕಿಗೆ 1975ರ ತಂಬಾಕು ಮಂಡಳಿ ಕಾಯ್ದೆ ಪ್ರಕಾರ ನೋಂದಣಿ ಬೇಕೇ ಬೇಕು. ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆಯೋದು ಇದನ್ನೇ. ನಿಪ್ಪಾಣಿ ಕಡೆಯದು ಬೀಡಿ ತಂಬಾಕು, ಅದು ಬೇರೆ.

ಬೀಜ ಒಂದು ಗ್ರಾಂಗೆ 10,000ಕ್ಕೂ ಹೆಚ್ಚು! ಹೂಳಬಾರದು, ಮಣ್ಣಿನ ಮೇಲೆ ಉದುರಿಸಬೇಕು. ಹೂವಿನ ಕುಡಿ ಚಿವುಟಿದ್ರೆ ಎಲೆ ದಪ್ಪ ಆಗುತ್ತೆ.

ನಿಜವಾದ ಕೆಲಸ ಕೊಯ್ದ ಮೇಲೆ. ಹುಣಸೂರಿನ ಬ್ಯಾರನ್‌ನಲ್ಲಿ (ವರ್ಜೀನಿಯಾ ಎಲೆ ಒಣಗಿಸೋ ಮನೆ) ಎಲೆನ ಕೋಲಿಗೆ ಕಟ್ಟಿ ನೇತು ಹಾಕ್ತಾರೆ. ಸೌದೆ ಬೆಂಕಿಯ ಬಿಸಿ ಕೊಳವೆಯೊಳಗೆ ಹಾಯುತ್ತೆ, ಹೊಗೆ ಎಲೆಗೆ ತಾಗಲ್ಲ. ಹದವಾದ ಬಿಸಿಗೆ ಮೊದಲು ಹಳದಿ ತಿರುಗಬೇಕು. ಆಮೇಲೆ ಶಾಖ ಏರಿಸಿ ಎಲೆ, ಕೊನೆಗೆ ನಡುದಂಟು ಒಣಗಿಸ್ತಾರೆ. ಆ ದಂಟು ಮುರಿದು ನೋಡಿ: ಲಟಕ್ ಅನ್ನಬೇಕು. ಬಾಗಿದ್ರೆ ಒಳಗೆ ಪಸೆ ಇದೆ, ಇಡೀ ಮೂಟೆಗೆ ಬೂಷ್ಟು ಹಿಡಿಯುತ್ತೆ.

ತುಂಗಭದ್ರೆ ದಂಡೆಯ ನಮ್ಮೂರಲ್ಲಿ ಮಳೆಗಾಲದ ತೇವ ಬೇರೆ. ಮೂಟೆನ ನೆಲಕ್ಕೆ ತಾಗಿಸದೆ ಹಲಗೆ ಮೇಲೆ, ಗೋಡೆಯಿಂದ ದೂರ ಇಡಬೇಕು. ಎಲೆಯಲ್ಲಿ ಸಣ್ಣ ಸಣ್ಣ ತೂತು ಕಂಡ್ರೆ ತಂಬಾಕು ದುಂಬಿ ಸೇರಿದೆ ಅಂತ.

ಇಬ್ಬನಿಗೆ ಒದ್ದೆಯಾದ ಹಸಿ ಎಲೆನ ಬರಿಗೈಲಿ ಕೀಳಲೇಬೇಡಿ. ನಿಕೋಟಿನ್ ಚರ್ಮದಿಂದಲೇ ಇಳಿದು ವಾಂತಿ, ತಲೆಸುತ್ತು ಬರುತ್ತೆ.

ಮನೇಲೇ ಬೆಳೆದಿದ್ದು ಅಂದ ಮಾತ್ರಕ್ಕೆ ಬಾಯಿ ಕ್ಯಾನ್ಸರ್ ಅಪಾಯ ಒಂಚೂರೂ ಕಮ್ಮಿ ಆಗಲ್ಲ, ದಯವಿಟ್ಟು ನಂಬಿ. ಬಿಡೋ ಮನಸ್ಸಿದ್ರೆ 1800 11 2356ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.